ಒಂಬತ್ತನೇ ವಾರ್ಡಿನ ಸದಸ್ಯೆ

ಪುಸ್ತಕದ ಮೂರನೇ ಪುಟದಲ್ಲಿ ಮೈದುನ ಕೆಂಚಣ್ಣ ಅವಳ ಕುರ್ಚಿಯಲ್ಲಿ ಕೂತಿದ್ದ. ಉಚ್ಚಂಗೆಮ್ಮ ಜೋಳದ ಹಿಟ್ಟು ಹತ್ತಿದ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡು ಪುಟವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅದೇ ಕುರ್ಚಿ. ಎಡಗೈ ಕಡೆ ರೆಕ್ಸಿನ್ ಹರಿದು ಹಳದಿ ಸ್ಪಂಜು ಇಣುಕುತ್ತಿದ್ದ, ಕೆಂಗುಡ್ಡ ಪುರಸಭೆಯ ಸಭಾಂಗಣದ ಎರಡನೇ ಸಾಲಿನ ಕುರ್ಚಿ. ಅದರ ಮುಂದಿನ ಮೇಜಿನ ಮೇಲೆ ‘ಶ್ರೀಮತಿ ಉಚ್ಚಂಗೆಮ್ಮ, ವಾರ್ಡ್ ೯’ ಎಂದು ಬರೆದ ಮರದ ಫಲಕ ಇರುತ್ತಿತ್ತು. ಈ ಪಟ ತೆಗೆದ ದಿನವೂ ಇದ್ದಿರಲೇಬೇಕು, ಯಾಕೆಂದರೆ ಅದನ್ನು ಮೇಜಿಗೆ ಮೊಳೆ ಹೊಡೆದು ಕೂರಿಸಿದ್ದರು. ಈಗ ಫಲಕದ ಜಾಗದಲ್ಲಿ ಕಂಪ್ಯೂಟರಿನವರು ಒಂದು ಗುಲಾಬಿ ಹೂಗುಚ್ಛ ಅಂಟಿಸಿದ್ದರು. ಕೆಳಗೆ ದಪ್ಪ ಅಕ್ಷರ: ‘ಒಂಬತ್ತನೇ ವಾರ್ಡಿನ ಸದಸ್ಯರಾಗಿ ಸಾರ್ವಜನಿಕ ಬದುಕಿಗೆ ಕಾಲಿಟ್ಟ ದಿನಗಳು.’ ಮುಂದಿನ ಪುಟದಲ್ಲಿ ಅವನು ಜಿಲ್ಲಾ ಪಂಚಾಯ್ತಿಯಲ್ಲಿದ್ದ, ಅದರ ಮುಂದೆ ವಿಧಾನಸೌಧದ ಮೆಟ್ಟಿಲ ಮೇಲೆ, ಕೊನೆಯಲ್ಲಿ ದೆಹಲಿಯಲ್ಲಿ ಬಿಳಿ ಪಂಚೆ ಉಟ್ಟು ಕೈ ಮುಗಿದು ನಿಂತಿದ್ದ. ಪುಸ್ತಕದ ಹೆಸರು ‘ಪುರಸಭೆಯಿಂದ ಪಾರ್ಲಿಮೆಂಟಿಗೆ’. ತಿರುವಿ ತಿರುವಿ ನೋಡಿದಳು. ನಲವತ್ತೆಂಟು ಪುಟಗಳಲ್ಲಿ ಅವಳು ಎಲ್ಲಿಯೂ ಇರಲಿಲ್ಲ. ಗುಂಪಿನ ಪಟವೊಂದರಲ್ಲಿ ಮಾತ್ರ ಯಾರದೋ ಹೆಗಲ ಹಿಂದೆ ಅವಳ ಅರ್ಧ ಕಿವಿ, ಅದರ ಬೆಂಡೋಲೆ ಕಂಡಿತು.

“ಮಸ್ತ್ ಆಗೈತಲ್ರೀ ಅಕ್ಕಾರೆ?” ಎಂದ ಲಿಂಗರಾಜ್. ಕೆಂಚಣ್ಣನ ಫೋನು ಎತ್ತುವುದರಿಂದ ಹಿಡಿದು ಭಾಷಣ ಬರೆಯುವುದರವರೆಗೆ ಎಲ್ಲವೂ ಅವನದೇ. “ಹೊಸಪ್ಯಾಟ್ಯಾಗ ಪ್ರಿಂಟ್ ಮಾಡ್ಸೀವಿ. ಸಂಜಿಗೆ ಸನ್ಮಾನಕ್ಕ ಬಂದೋರಿಗೆಲ್ಲ ಒಂದೊಂದು.”

“ಮೂರನೇ ಪುಟದಾಗ ತಪ್ಪೈತಿ.”

“ಎಲ್ರೀ? ನಾಕು ಮಂದಿ ಓದ್ಯಾರ ಅದನ್ನ.”

“ಮೆಂಬರ್ ಇದ್ದಾಕಿ ನಾನು.”

ಲಿಂಗರಾಜ್ ನಕ್ಕ. ಮಗು ಏನೋ ಚೆಂದದ ಮಾತಾಡಿದಾಗ ದೊಡ್ಡವರು ನಗುವ ಹಾಗೆ ನಕ್ಕ. “ಅಯ್ಯ, ಅದೇನ್ ಬ್ಯಾರೇ ಬ್ಯಾರೇ ಏನ್ರೀ? ಒಂದ ಮನಿ. ನೀವಿದ್ರೂ ಒಂದ, ಸಾಹೇಬ್ರಿದ್ರೂ ಒಂದ.” ಹಾಗೆಂದವನೇ ಅದೇ ಚೀಲದೊಳಗೆ ಕೈ ಹಾಕಿ ಒಂದು ಪ್ಲಾಸ್ಟಿಕ್ ಫೋಲ್ಡರ್ ತೆಗೆದ. ಅದರಲ್ಲಿ ಟೈಪು ಮಾಡಿದ ಒಂದು ಹಾಳೆ. “ಇದನ್ನ ಹನ್ನೊಂದಕ್ಕ ವಿಚಾರಣ್ಯಾಗ ಕೊಟ್ಬಿಟ್ರ ಆತು. ಮಾತಾಡೋದೂ ಬ್ಯಾಡ. ಅಧಿಕಾರಿ ಕೇಳಿದ್ರ, ಇದ ನನ್ನ ಹೇಳಿಕಿ ಅನ್ರಿ.”

ಅವಳು ಓದಿದಳು. ಒಂಬತ್ತನೇ ವಾರ್ಡಿನ ರುದ್ರಭೂಮಿಯ ಒಂದು ಎಕರೆ ಹತ್ತು ಗುಂಟೆ ಜಾಗವನ್ನು ಲಾರಿ ನಿಲುಗಡೆಗೆ ಬಿಟ್ಟುಕೊಡುವ ಠರಾವನ್ನು ಅಂದಿನ ಸದಸ್ಯೆಯಾದ ತಾನು ಸ್ವಇಚ್ಛೆಯಿಂದ, ಓದಿ ತಿಳಿದು ಮಂಡಿಸಿರುವುದಾಗಿಯೂ, ಸದರಿ ಸಭೆಗೂ ಠರಾವಿಗೂ ಮಾನ್ಯ ಸಂಸದರಿಗೂ ಯಾವುದೇ ರೀತಿಯ ಸಂಬಂಧ ಇರುವುದಿಲ್ಲವೆಂದೂ ಅದರಲ್ಲಿತ್ತು. ಒಲೆಯ ಮೇಲೆ ಹೆಂಚು ಕಾದು ಹೊಗೆಯಾಡುತ್ತಿತ್ತು. ಒಂದೇ ಚೀಲ, ಎರಡು ಕಾಗದ. ಸನ್ಮಾನದ ಪುಸ್ತಕದಲ್ಲಿ ಸದಸ್ಯ ಅವನು, ವಿಚಾರಣೆಯ ಹಾಳೆಯಲ್ಲಿ ಸದಸ್ಯೆ ಅವಳು. ಕೋತಿ ಮೊಸರು ತಿಂದು ಮೇಕೆ ಮೂತಿಗೆ ಒರೆಸಿದ ಕಥೆಯನ್ನು ಅವಳು ತನ್ನ ಮಗನಿಗೆ ಎಷ್ಟು ಸಲ ಹೇಳಿಲ್ಲ! ಆ ಮೇಕೆಗೆ ಓದಲು ಬರೆಯಲು ಬರುತ್ತಿತ್ತು ಎಂದು ಮಾತ್ರ ಕಥೆಯಲ್ಲಿ ಯಾರೂ ಸೇರಿಸಿರಲಿಲ್ಲ.

“ಕಿರಣ್ ಕುಮಾರಗ ಪರ್ಮನೆಂಟ್ ಮಾಡ್ಸೋ ಮಾತು ನಡದೈತ್ರಿ ಫ್ಯಾಕ್ಟರ್‍ಯಾಗ,” ಎಂದ ಲಿಂಗರಾಜ್ ಎದ್ದು ನಿಂತು. “ಸಾಹೇಬ್ರ ಖುದ್ದು ಫೋನ್ ಮಾಡ್ಯಾರ.” ಮಗನ ಹೆಸರನ್ನು ಅವನು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಹೇಳಿದ. ಮರೆತಿದ್ದ ಮಾತು ಈಗ ನೆನಪಾಯಿತು ಎಂಬಂತೆ.

ಅವನು ಹೋದ ಮೇಲೆ ಗಂಡ ಮೂಕಣ್ಣ ಪಡಸಾಲೆಯಿಂದ ಒಳಗೆ ಬಂದ. ಅಷ್ಟು ಹೊತ್ತು ಟಿ.ವಿ.ಯ ಶಬ್ದ ಕಡಿಮೆ ಮಾಡಿಕೊಂಡು ಎಲ್ಲವನ್ನೂ ಕೇಳಿಸಿಕೊಂಡಿದ್ದ. ಟಿ.ಬಿ. ಡ್ಯಾಮಿನ ಕಾಲುವೆ ಕಚೇರಿಯಲ್ಲಿ ಮೂವತ್ತೊಂದು ವರ್ಷ ತೂಬಿನ ಬಾಗಿಲು ಎತ್ತಿ ಇಳಿಸಿ ನಿವೃತ್ತನಾದವನು. ಮೇಲಿನಿಂದ ಹೇಳಿದಷ್ಟು ಬಿಡುವುದು, ಹೇಳಿದಾಗ ಮುಚ್ಚುವುದು ಅವನ ರಕ್ತದಲ್ಲೇ ಇಳಿದಿತ್ತು. “ಸಹಿ ಮಾಡಿ ಬಂದ್ಬಿಡು,” ಎಂದ. “ನಿನಗೇನ್ ಹೊಸದಾ?”

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ನಿನಗೇನ್ ಹೊಸದಾ. ಬೈದಿದ್ದರೆ ಚೆನ್ನಾಗಿತ್ತು. ಎರಡೇಟು ಹೊಡೆದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ. ಇವನಿಗೂ ಗೊತ್ತಿತ್ತು, ಊರಿಗೆಲ್ಲ ಗೊತ್ತಿತ್ತು, ಐದು ವರ್ಷ ಅವಳು ಮಾಡಿದ್ದು ಅದೊಂದೇ ಕೆಲಸ ಎಂದು. ಕೈಯಲ್ಲಿದ್ದ ರೊಟ್ಟಿಯನ್ನು ಹೆಂಚಿನ ಮೇಲೆ ಎಸೆದಳು, ಅದು ಮಡಚಿಕೊಂಡು ಬಿತ್ತು, ಹಾಗೇ ಸುಟ್ಟು ಕರಕಲಾಗಲು ಬಿಟ್ಟಳು. ಹತ್ತು ಗಂಟೆಗೆ ಇಳಕಲ್ ಸೀರೆ ಉಟ್ಟು, ಪುಸ್ತಕವನ್ನೂ ಹಾಳೆಯನ್ನೂ ಒಂದೇ ಕೈಚೀಲದಲ್ಲಿ ಹಾಕಿಕೊಂಡು, ಓದುವ ಕನ್ನಡಕ ಇದೆಯೋ ಇಲ್ಲವೋ ಎಂದು ಎರಡು ಸಲ ಮುಟ್ಟಿ ನೋಡಿಕೊಂಡು ಬಸ್ ಸ್ಟ್ಯಾಂಡಿಗೆ ಹೊರಟಳು.

ಬಸ್ ಸ್ಟ್ಯಾಂಡಿಗೆ ಹೋಗುವ ದಾರಿ ಕಲ್ಯಾಣ ಮಂಟಪದ ಮುಂದೆಯೇ ಹಾಯುತ್ತದೆ. ಮೊದಲು ರುದ್ರಭೂಮಿ, ಆಮೇಲೆ ಸಂಡೂರಿನ ಅದಿರು ಲಾರಿಗಳು ಸಾಲಾಗಿ ನಿಲ್ಲುತ್ತಿದ್ದ ಅಂಗಳ, ಅದಿರಿನ ಗದ್ದಲ ಮುಗಿದ ಮೇಲೆ ಈ ಮಂಟಪ. ಗೇಟಿನ ಮೇಲೆ ಕೆಂಚಣ್ಣನ ಮೂರಾಳೆತ್ತರದ ಫ್ಲೆಕ್ಸ್ ಕಟ್ಟುತ್ತಿದ್ದರು. ಸಂಜೆಯ ಸನ್ಮಾನ ಇಲ್ಲಿಯೇ. ಒಳಗೆ ಶಾಮಿಯಾನದ ಕಂಬಕ್ಕೆ ಹಾರೆಯಿಂದ ಗುಂಡಿ ತೋಡುವ ಸಪ್ಪಳ ಕೇಳಿ ಅವಳು ಗೇಟಿನ ಸಂದಿಯಿಂದ ಇಣುಕಿದಳು. ಎಷ್ಟು ಆಳ ತೋಡುತ್ತಾರೋ, ಕೈಗೆ ಏನು ಸಿಗುತ್ತದೋ. ಬೇವಿನ ಮರ ಇದ್ದದ್ದು ಈಗಿನ ಅಡುಗೆ ಕೋಣೆಯ ಹಿಂದೆ, ಸಿಲಿಂಡರ್ ಇಡುವ ಜಾಗದಲ್ಲಿ. ಅದರ ಬುಡದಲ್ಲಿ ಮೊಣಕಾಲೆತ್ತರದ ಒಂದು ಕಲ್ಲು. ಪಕ್ಕದ ಮನೆಯ ಜಂಬವ್ವನ ಎರಡು ವರ್ಷದ ಗಂಡುಕೂಸು ಜ್ವರಕ್ಕೆ ಹೋದಾಗ ತಾಯಿಗೆ ಪ್ರಜ್ಞೆ ಇರಲಿಲ್ಲ. ಕೂಸಿಗೆ ಕೊನೆಯ ನೀರು ಹಾಕಿದ್ದು ಉಚ್ಚಂಗೆಮ್ಮನ ಕೈ. ಕಿವಿಯ ಹಿಂದೆ ಅರಿಸಿನ ಹಚ್ಚುವಾಗ ಇನ್ನೂ ಬೆಚ್ಚಗಿದೆ ಎನ್ನಿಸಿ ಕೈ ತಡೆದು ನಿಂತಿದ್ದಳು. ಪ್ರತಿ ಅಮಾವಾಸ್ಯೆಗೆ ಜಂಬವ್ವ ಆ ಕಲ್ಲಿಗೆ ಎಡೆ ಇಡುತ್ತಿದ್ದಳು. ಲಾರಿ ಬಂದ ಮೇಲೆ ಗೇಟಿನ ಹೊರಗೆ ಇಟ್ಟಳು, ಗಾಲಿ ಹತ್ತಿ ಹೋಯಿತು. ಮಂಟಪ ಆದ ಮೇಲೆ ಗೇಟಿನ ಹತ್ತಿರವೂ ಬಿಡಲಿಲ್ಲ, ಮದುವೆ ಮನೆಯ ಮುಂದೆ ಸತ್ತವರ ಎಡೆ ಏನು ಎಂದು ವಾಚ್‌ಮನ್ ಎದ್ದು ಬಂದ. ಠರಾವಿನ ಸುದ್ದಿ ಗೊತ್ತಾದ ದಿನ ಜಂಬವ್ವ ನಲ್ಲಿಯ ಹತ್ತಿರ ಕೊಡ ಇಳಿಸಿ ಒಂದೇ ಮಾತು ಕೇಳಿದ್ದಳು, “ಉಚ್ಚಂಗಿ, ಸಹಿ ನಿಂದ ಏನು?” ಹೌದು ಎಂದಿದ್ದಳು ಇವಳು. ಅವತ್ತಿನಿಂದ ಹದಿನೈದು ವರ್ಷ ಆ ಮನೆಗೂ ಈ ಮನೆಗೂ ಮಾತಿಲ್ಲ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಕೆಂಪು ಧೂಳು ಹಿಡಿದ ಗುಡ್ಡಗಳು ಹಿಂದೆ ಹಿಂದೆ ಹೋದವು. ಹೆಸರು ಅಷ್ಟ ಸಾಕು ಅತ್ತಿಗಿ, ಉಳಿದದ್ದೆಲ್ಲ ನಾ ನೋಡ್ಕೊಂತೀನಿ ಎಂದಿದ್ದ ಕೆಂಚಣ್ಣ, ವಾರ್ಡು ಮಹಿಳೆಗೆ ಮೀಸಲು ಎಂಬ ಪಟ್ಟಿ ಬಂದ ದಿನ, ಅವಳ ಅಡುಗೆಮನೆಯ ಹೊಸ್ತಿಲ ಮೇಲೆ ಹಣೆಗೆ ಕೈ ಹಚ್ಚಿ ಕೂತು. ಎರಡು ವರ್ಷದಿಂದ ವಾರ್ಡಿನಲ್ಲಿ ಯಾರ ಹೆಣಕ್ಕೂ ಹೆಗಲು ತಪ್ಪಿಸಿದವನಲ್ಲ, ಯಾರ ಮದುವೆಯಲ್ಲೂ ಸಾರಿನ ಬಕೆಟ್ ಹಿಡಿಯದವನಲ್ಲ, ಅಷ್ಟೂ ನೀರಿನಲ್ಲಿ ಹೋಮ ಆಗುತ್ತಿತ್ತು. ಅಣ್ಣ ಸರ್ಕಾರಿ ನೌಕರ. ಸ್ವಂತ ಹೆಂಡತಿ ದೇವಿಕಾಳ ಹೆಸರು ಇನ್ನೂ ತವರು ಕಂಪ್ಲಿಯ ಮತದಾರರ ಪಟ್ಟಿಯಲ್ಲೇ ಇತ್ತು. ಉಳಿದದ್ದು ಅತ್ತಿಗೆ. ನಾಮಪತ್ರಕ್ಕೆ ಸೂಚಕಳಾಗಿ ಹೆಬ್ಬೆಟ್ಟು ಒತ್ತಿದವಳು ಇದೇ ಜಂಬವ್ವ. ಮನೆ ಮನೆ ತಿರುಗುವಾಗ ಹೆಂಗಸರು ಕೆಂಚಣ್ಣನ ಮುಖ ನೋಡಲಿಲ್ಲ. ಪಡಿತರದ ಅರ್ಜಿ, ವಿಧವಾ ಪಿಂಚಣಿಯ ಅರ್ಜಿ ಬರೆದುಕೊಡುತ್ತಿದ್ದವಳು ಇವಳು, ಓಟು ಇವಳಿಗೆ. ಇನ್ನೂರ ಹನ್ನೆರಡು ಓಟಿನ ಅಂತರ. ಗೆದ್ದ ದಿನ ಮಾಲೆ ಮಾತ್ರ ಕೆಂಚಣ್ಣನ ಕೊರಳಿಗೆ ಬಿತ್ತು. ಮರುದಿನದಿಂದ ಅವನು ‘ಮೆಂಬರ್ ಕೆಂಚಣ್ಣ’, ಇವಳು ‘ಮೆಂಬರನ ಅತ್ತಿಗಿ’. ಅಂದು ನಗು ಬಂದಿತ್ತು. ಥೂ, ಯಾಕೆ ನಗು ಬಂತು ನನಗೆ ಎಂದು ಅವಳು ಬಸ್ಸಿನ ಕಂಬಿಯನ್ನು ಬಿಗಿಯಾಗಿ ಹಿಡಿದಳು. ಪಕ್ಕದಲ್ಲಿ ಕೂತ ಹೂವಿನ ಬುಟ್ಟಿಯ ಹೆಂಗಸು, “ವಾಂತಿ ಬರ್ತೈತೇನ್ರಿ?” ಎಂದು ಕಿಟಕಿಯ ಗಾಜು ಸರಿಸಿದಳು.

ಹೊಸಪೇಟೆಯ ಕಚೇರಿಯಲ್ಲಿ ವಿಚಾರಣೆಯ ಅಧಿಕಾರಿ ಇನ್ನೂ ಬಂದಿರಲಿಲ್ಲ. ಕಾರಿಡಾರಿನ ಬೆಂಚಿನ ಒಂದು ತುದಿಯಲ್ಲಿ ಜಂಬವ್ವ ಕೂತಿದ್ದಳು, ಮೊಣಕಾಲ ಮೇಲೆ ಎರಡೂ ಕೈ ಇಟ್ಟುಕೊಂಡು, ಎದುರಿನ ಗೋಡೆಯನ್ನೇ ನೋಡುತ್ತ. ಉಚ್ಚಂಗೆಮ್ಮ ಇನ್ನೊಂದು ತುದಿಯಲ್ಲಿ ಕೂತಳು. ನಡುವೆ ಮೂರು ಜನ ಕೂರುವಷ್ಟು ಜಾಗ ಖಾಲಿ ಇತ್ತು, ಬಂದವರೆಲ್ಲ ಇವರಿಬ್ಬರ ಮುಖ ನೋಡಿ ನಿಂತೇ ಇದ್ದರು. ಒಬ್ಬ ಜವಾನ ಚಹಾದ ತಟ್ಟೆ ಹಿಡಿದು ಒಳಗೆ ಹೋದ. ಆ ಕಪ್ಪುಗಳ ಸಪ್ಪಳ!

ಮೊದಲ ಸಭೆಗೂ ಇದೇ ಸೀರೆ ಉಟ್ಟು ಹೋಗಿದ್ದಳು. ಇಪ್ಪತ್ತಮೂರು ಸದಸ್ಯರು, ಅವರಲ್ಲಿ ಹೆಂಗಸರು ಎಂಟು, ಎಂಟು ಕುರ್ಚಿಗಳ ಹಿಂದೆ ಎಂಟು ಗಂಡಸರು. ಅವಳು ಹಿಂದಿನ ರಾತ್ರಿಯೇ ಮನಸ್ಸಿನಲ್ಲಿ ಮಾತು ಜೋಡಿಸಿಕೊಂಡಿದ್ದಳು: ಅಧ್ಯಕ್ಷರೆ, ನಮ್ಮ ವಾರ್ಡಿನ ಹೆಂಗಸರು ಬಹಿರ್ದೆಸೆಗೆ ಕಾಲುವೆ ದಂಡೆಗೆ ಹೋಗಬೇಕು, ಅಲ್ಲಿ ಲಾರಿಯವರು ದೀಪ ಹಾಕುತ್ತಾರೆ. ವಿಷಯ ಬಂತು. ಕೈ ಎತ್ತಿದಳು. “ಅಧ್ಯಕ್ಷರೆ” ಎಂಬಷ್ಟು ಬಾಯಿಂದ ಹೊರಟಿತು. ಅಷ್ಟರಲ್ಲಿ ಕೆಂಚಣ್ಣ ಹಿಂದಿನಿಂದ ಬಾಗಿ, ಮೆಲ್ಲಗೆ, ಭಾಳ ಮರ್ಯಾದೆಯಿಂದ, “ಅತ್ತಿಗಿ, ಚಾ ಬಂತೇನ್ ನೋಡ್ಬರ್ರಿ” ಎಂದ. ಅವಳು ಎದ್ದಳು. ಇಷ್ಟು ವರ್ಷ ಎಷ್ಟೋ ಸಲ ಆ ಕ್ಷಣವನ್ನು ಹಿಂದಕ್ಕೆ ಎಳೆದು ನೋಡಿದ್ದಾಳೆ. ಪ್ರತಿ ಸಲವೂ ಅವಳು ಎದ್ದೇ ಏಳುತ್ತಾಳೆ. ಯಾರೂ ರಟ್ಟೆ ಹಿಡಿದು ಎಬ್ಬಿಸಲಿಲ್ಲ. ಬಾಗಿಲಿಗೆ ಹೋಗಿ, ಜವಾನನ ಕೈಯಿಂದ ಒಂದು ತಟ್ಟೆ ಇಸಿದುಕೊಂಡು ತಿರುಗಿ ಬಂದರೆ ಅವನು ಕುರ್ಚಿಯಲ್ಲಿ ಕೂತಿದ್ದ, ಹರಿದ ರೆಕ್ಸಿನ್ನಿನ ಮೇಲೆ ಎಡಗೈ ಇಟ್ಟು, ಲಾರಿ ಮಾಲೀಕರ ಕಷ್ಟದ ಬಗ್ಗೆ ಮಾತಾಡುತ್ತಿದ್ದ. ಮಾತು ನಿಲ್ಲಿಸದೆ, ಮುಖ ನೋಡದೆ ತಟ್ಟೆಯಿಂದ ಒಂದು ಕಪ್ಪು ಎತ್ತಿಕೊಂಡ. ಅವಳು ಇಪ್ಪತ್ತಮೂರು ಮಂದಿಗೂ ಚಹಾ ಕೊಟ್ಟಳು. ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ಒಬ್ಬ ಹೆಣ್ಣು ಸದಸ್ಯೆಯಂತೂ, “ಸಕ್ಕರಿ ಕಡಿಮಿ ಆಗೈತಿ ನೋಡಬೇ” ಎಂದಳು.

ಎರಡನೇ ಸಭೆಗೆ ಅವಳು ಹೋಗಲಿಲ್ಲ. ನಡಾವಳಿ ಪುಸ್ತಕವೇ ಮನೆಗೆ ಬಂತು. ಜವಾನ ಕೊಟ್ರಬಸಪ್ಪ ಕೆಂಪು ಬಟ್ಟೆಯ ರಟ್ಟಿನ ಆ ದೊಡ್ಡ ಪುಸ್ತಕವನ್ನು ಸೈಕಲ್ಲಿಗೆ ಕಟ್ಟಿಕೊಂಡು ಬಂದು ಪಡಸಾಲೆಯಲ್ಲಿ ಬಿಚ್ಚುತ್ತಿದ್ದ. ಎಲ್ಲ ವಾರ್ಡಿನ ಹೆಣ್ಣು ಸದಸ್ಯೆಯರ ಮನೆಗೂ ಹಾಗೇ ಹೋಗುತ್ತಿತ್ತು. ಅದು ಅಲ್ಲಿನ ಪದ್ಧತಿ. ಪುಟ ಖಾಲಿ, ಕೆಳಗೆ ಸಹಿಗೆ ಜಾಗ. ಠರಾವು ಆಮೇಲೆ, ಅವರವರ ಅನುಕೂಲ ನೋಡಿ ಬರೆದುಕೊಳ್ಳುತ್ತಿದ್ದರು. ಅವಳು ಕೈ ತೊಳೆದು, ಚಾಪೆ ಹಾಸಿ, ಕೂತು ಸಹಿ ಮಾಡುತ್ತಿದ್ದಳು. ಸಹಿ ಚೆಂದ ಇತ್ತು. ಬುಕ್ಕಸಾಗರದ ಶಾಲೆಯಲ್ಲಿ ವಿರೂಪಾಕ್ಷಪ್ಪ ಮಾಸ್ತರು ಕಲಿಸಿದ್ದು, ಉ ಅಕ್ಷರದ ಬಾಲ ಕೆಳಗೆ ಇಳಿದು ಇಡೀ ಹೆಸರಿನ ಬುಡಕ್ಕೆ ಗೆರೆಯಾಗಿ ಓಡುವ ಸಹಿ. ಕೊಟ್ರಬಸಪ್ಪ, “ಗಂಡಸ್ರು ಇಷ್ಟ್ ಚೊಲೊ ಮಾಡಂಗಿಲ್ರಿ ಅಕ್ಕಾ” ಎನ್ನುತ್ತಿದ್ದ. ಆ ಮಾತಿಗೆ ಅವಳು ಉಬ್ಬುತ್ತಿದ್ದಳು, ಸುಳ್ಳು ಯಾಕೆ? ಕುರ್ಚಿ ಹೋಗಿತ್ತು, ಮಾತು ಹೋಗಿತ್ತು, ಸದಸ್ಯೆ ಎನ್ನುವುದಕ್ಕೆ ಉಳಿದದ್ದು ಆ ಸಹಿ ಒಂದೇ. ತಿಂಗಳಿಗೊಮ್ಮೆ ಪುಸ್ತಕ ಬರುವುದು ತಡವಾದರೆ ಬಾಗಿಲ ಕಡೆ ನೋಡುತ್ತಿದ್ದಳು. ಅದೇ ವಿರೂಪಾಕ್ಷಪ್ಪ ಮಾಸ್ತರು ಏಳನೇ ಇಯತ್ತೆಯ ಪರೀಕ್ಷೆಯ ದಿನ ಹೇಳಿದ್ದರಲ್ಲ: “ಉತ್ತರ ಮುಗದ ಮ್ಯಾಲೆ ಖಾಲಿ ಉಳದ ಜಾಗಕ್ಕ ಅಡ್ಡ ಗೆರಿ ಎಳೀರಿ. ಇಲ್ಲಾಂದ್ರ ಯಾವನರ ಬಂದು ಏನರ ಬರದಾನು, ಕಾಗದ ನಿಮ್ಮ ಹೆಸರಿಂದು.” ಹನ್ನೆರಡು ವರ್ಷದವಳಿಗೆ ತಿಳಿದದ್ದು ಮೂವತ್ತೆಂಟು ವರ್ಷದ ಸದಸ್ಯೆಗೆ ಮರೆತಿತ್ತೆ? ಮರೆತಿರಲಿಲ್ಲ. ಪ್ರತಿ ಸಲವೂ ನೆನಪಾಗುತ್ತಿತ್ತು. ಪ್ರತಿ ಸಲವೂ ಸಹಿ ಮಾಡುತ್ತಿದ್ದಳು.

ಕಪ್ಪು ಕೋಟಿನ ಅಂಜಲಿ ಬಂದು ಅವಳ ಪಕ್ಕದಲ್ಲೇ ಕೂತಳು. ಜಂಬವ್ವನ ಮಗಳು, ಆ ಕೂಸು ಹೋದ ಮೇಲೆ ಹುಟ್ಟಿದವಳು, ಈಗ ವಕೀಲೆ. ಮಾಹಿತಿ ಹಕ್ಕಿನಲ್ಲಿ ಠರಾವಿನ ಪ್ರತಿ ತೆಗೆಸಿ ಈ ದೂರು ಕೊಡಿಸಿದ್ದು ಅವಳೇ. ಅವಳಿಗೆ ಅ ಆ ತೀಡಿಸಿದ್ದು ಉಚ್ಚಂಗೆಮ್ಮ, ಮಾತು ನಿಲ್ಲುವ ಮೊದಲು. ಅಂಜಲಿಯ ಕೈಯಲ್ಲೂ ಅದೇ ಪುಸ್ತಕ ಇತ್ತು, ಮೂರನೇ ಪುಟಕ್ಕೆ ಹಳದಿ ಚೀಟಿ ಹಚ್ಚಿದ್ದಳು.

“ದೊಡ್ಡವ್ವ, ದೇವರ ನಮ್ಮ ಕೈಗೆ ಕೊಟ್ಟಂಗಾತು ಇದು,” ಎಂದಳು ಪಿಸುದನಿಯಲ್ಲಿ. “ತಾನ ಮೆಂಬರ್ ಇದ್ದೆ ಅಂತ ಅವರ ಅಚ್ಚು ಹಾಕ್ಸ್ಯಾರ. ನೀವು ಒಳಗ ಹೋಗಿ ಇಷ್ಟ ಹೇಳ್ರಿ: ನಾ ಹೆಸರಿಗೆ ಇದ್ದೆ, ನನಗ ಏನೂ ತಿಳೀತಿರಲಿಲ್ಲ, ಮೆಂಬರ್ ಕೆಲಸೆಲ್ಲ ಅವರ ಮಾಡಿದ್ದು. ನಿಮಗ ಏನೂ ಆಗಂಗಿಲ್ಲ, ಅವರು ಸಿಕ್ಕೊಂತಾರ.”

“ನನಗ ಏನೂ ತಿಳೀತಿರಲಿಲ್ಲ ಅನ್ಲೇನು?”

“ಹೂಂ.”

“ನಾ ಮೆಂಬರ್ ಇರ್ಲೇ ಇಲ್ಲ ಅಂತ?”

“ಹಂಗಲ್ಲ ದೊಡ್ಡವ್ವ, ಕಾನೂನಿನ್ಯಾಗ…”

“ಅವನೂ ಅದನ್ನ ಹೇಳ್ತಾನ, ನೀನೂ ಅದನ್ನ ಹೇಳಾಕತ್ತಿ!” ದನಿ ಏರಿತು. ಕಾರಿಡಾರಿನ ಜನ ತಿರುಗಿ ನೋಡಿದರು. “ಅವನ ಪುಸ್ತಕದಾಗ ನಾ ಇಲ್ಲ. ನಿನ್ನ ಕಾನೂನಿನ್ಯಾಗೂ ನಾ ದಡ್ಡಿ. ಇನ್ನೂರ ಹನ್ನೆರಡು ಓಟಿಲೆ ಗೆದ್ದಾಕಿ ಯಾರಬೇ ಮತ್ತ? ನಿಮ್ಮವ್ವನ ಹೆಬ್ಬೆಟ್ಟು ಯಾರ ಹೆಸರಿಗೆ ಬಿತ್ತು?”

ಜಂಬವ್ವ ಗೋಡೆಯಿಂದ ಕಣ್ಣು ತೆಗೆಯಲಿಲ್ಲ, ಮೊಣಕಾಲ ಮೇಲಿದ್ದ ಕೈ ಮಾತ್ರ ಮುಷ್ಟಿಯಾಯಿತು. ಕೆಂಚಣ್ಣನ ಮೇಲಿನ ಸಿಟ್ಟು ಹಳೆಯದು, ಅದರ ಬಿಸಿ ಉಚ್ಚಂಗೆಮ್ಮನಿಗೆ ಅಭ್ಯಾಸವಾಗಿತ್ತು. ಇದು ಬೇರೆ. ತಪ್ಪಿಸಿಕೊಳ್ಳಬೇಕೆಂದರೆ ತನ್ನನ್ನೇ ಅಳಿಸಿ ಅವನಿಗೆ ಕುರ್ಚಿ ಬಿಟ್ಟುಕೊಡಬೇಕು, ಎರಡನೇ ಸಲ. ಕುರ್ಚಿ ನನ್ನದು ಎಂದರೆ ಅವನು ಬರೆಸಿಕೊಟ್ಟ ಹಾಳೆಯಂತೆ ಹೊಲಸೆಲ್ಲ ತನ್ನ ತಲೆಗೆ. ಏನು ಆಟ ಕಟ್ಟಿದ್ದಾನೆ ಮಗ! ಹತ್ತಿದ ಏಣಿ ಒದೆಯುವವರನ್ನು ಕಂಡಿದ್ದಳು. ಇವನು ಒದೆಯಲೂ ಇಲ್ಲ, ಏಣಿಗೆ ತನ್ನ ಹೆಸರು ಬರೆದು, ಕೆಳಗೆ ಸತ್ತವರ ಲೆಕ್ಕಕ್ಕೆ ಮಾತ್ರ ಇವಳ ಹೆಸರು ಬಿಟ್ಟಿದ್ದ.

ಸತ್ತವರು ಎಂದೊಡನೆ ಅತ್ತೆಯ ನೆನಪಾಯಿತು. ಇಷ್ಟು ಹೊತ್ತು ಅದನ್ನು ಮನಸ್ಸಿನ ಬಾಗಿಲಾಚೆಯೇ ನಿಲ್ಲಿಸಿದ್ದಳು. ಅತ್ತೆಯೂ ಆ ರುದ್ರಭೂಮಿಯಲ್ಲೇ ಮಲಗಿದ್ದಳು, ಬೇವಿನ ಮರದಿಂದ ಹತ್ತು ಹೆಜ್ಜೆ. ಒಂದು ಸೋಮವಾರ ಕೆಂಚಣ್ಣ ಅಯ್ಯನವರನ್ನು ಕರೆಸಿ, ತಾಯಿಯ ಎಲುಬು ತೆಗೆಸಿ, ಹೊಸ ಗಡಿಗೆಯಲ್ಲಿ ಹಳದಿ ಬಟ್ಟೆ ಕಟ್ಟಿ, ಸಂಡೂರು ರಸ್ತೆಯ ತನ್ನ ತೋಟಕ್ಕೆ ಒಯ್ದು ಅಮೃತಶಿಲೆಯ ಗದ್ದುಗೆ ಕಟ್ಟಿಸಿದ. ಅಂದು ಅಲ್ಲಿ ಹೋಳಿಗೆ ಮಾಡಿದ್ದು ಉಚ್ಚಂಗೆಮ್ಮನೇ. “ಈಗ್ಯಾಕ ಕೆಂಚಣ್ಣ?” ಎಂದು ಬಡಿಸುತ್ತ ಕೇಳಿದ್ದಳು. “ಅವ್ವ ಕನಸಿನ್ಯಾಗ ಬಂದಿದ್ಳು ಅತ್ತಿಗಿ. ಲಾರಿ ಸಪ್ಪಳಕ್ಕ ನಿದ್ದಿ ಬರವಲ್ದು ಅಂದ್ಳು” ಎಂದಿದ್ದ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ. ಆಗ ಅಲ್ಲಿ ಒಂದು ಲಾರಿಯೂ ಇರಲಿಲ್ಲ. ಅವಳಿಗೆ ಅದು ಆಗಲೇ ಹೊಳೆದಿತ್ತು. ತುಪ್ಪದ ಮಿಳ್ಳಿ ಹಿಡಿದ ಕೈ ಒಂದು ಗಳಿಗೆ ಗಾಳಿಯಲ್ಲೇ ನಿಂತಿತ್ತು. ಹನ್ನೊಂದು ದಿನದ ಮೇಲೆ ಕೊಟ್ರಬಸಪ್ಪ ಪುಸ್ತಕ ತಂದ. ಅವಳು ಕೈ ತೊಳೆದು, ಚಾಪೆ ಹಾಸಿ ಕೂತಳು.

ಒಳಗೆ ಕರೆದರು. ಅಧಿಕಾರಿ ನಿದ್ದೆಗೆಟ್ಟ ಮುಖದ, ಒಳ್ಳೆಯ ಮಾತಿನ ಮನುಷ್ಯ; ಆದಷ್ಟು ಜಲ್ದಿ ಮುಗಿಸುವ ಆತುರ ಅವನ ಪೆನ್ನಿನಲ್ಲೇ ಕಾಣುತ್ತಿತ್ತು. ಜಂಬವ್ವ, ಅಂಜಲಿ ಒಂದು ಕಡೆ ಕೂತರು. “ಹೇಳಿಕಿ ತಂದೀರಂತಲ್ರೀ ತಾಯಿ, ಕೊಟ್ಬಿಡ್ರಿ” ಎಂದ ಅಧಿಕಾರಿ. ಅವನಿಗೆ ಹೇಗೆ ಗೊತ್ತಾಯಿತೋ. ಚೀಲದಲ್ಲಿದ್ದ ಫೋನು ನಡುಗುತ್ತಿತ್ತು, ಲಿಂಗರಾಜನದೇ ಇರಬೇಕು. ಅವಳು ಫೋನನ್ನು ಮುಟ್ಟಲಿಲ್ಲ, ಹಾಳೆಯನ್ನೂ ಮುಟ್ಟಲಿಲ್ಲ.

“ಆ ಠರಾವು ತೋರಿಸ್ರಿ ಮೊದಲು.”

ಗುಮಾಸ್ತ ಕೆಂಪು ರಟ್ಟಿನ ಪುಸ್ತಕವನ್ನು ಅವಳ ಮುಂದೆ ತೆರೆದಿಟ್ಟ. ಹದಿನೈದು ವರ್ಷದ ಮೇಲೆ ಅವಳು ಅದನ್ನು ನೋಡುತ್ತಿದ್ದಳು. ಕನ್ನಡಕ ಹಾಕಿಕೊಂಡಳು. ಸಹಿ ಇತ್ತು, ಚೆಂದದ ಸಹಿ, ಬಾಲ ಸಮೇತ. ಅದರ ಮೇಲೆ ಯಾರದೋ ಅಕ್ಷರ. ಮೇಲಿನ ಸಾಲುಗಳು ದಪ್ಪಗೆ ವಿಶಾಲವಾಗಿದ್ದವು; ಕೆಳಗೆ ಬರುತ್ತ ಬರುತ್ತ ಸಣ್ಣಗಾಗಿ, ಕೊನೆಯ ಎರಡು ಸಾಲು ಅವಳ ಸಹಿಯ ನೆತ್ತಿಯ ಮೇಲೆ ಒಂದರ ಮೇಲೊಂದು ಬಿದ್ದು ಇರುವೆಯಂತೆ ಮುತ್ತಿದ್ದವು. ‘ಸೂಚಕರು: ಶ್ರೀಮತಿ ಉಚ್ಚಂಗೆಮ್ಮ.’

“ಬರಕೊಳ್ರಿ,” ಎಂದಳು ಗುಮಾಸ್ತನಿಗೆ. ದನಿ ಬಂತು. ಅಂದು “ಅಧ್ಯಕ್ಷರೆ” ಎಂಬಲ್ಲಿ ನಿಂತುಹೋಗಿದ್ದ ದನಿ. “ಒಂಬತ್ತನೇ ವಾರ್ಡಿನ ಮೆಂಬರ್ ನಾನು. ಬ್ಯಾರೆ ಯಾರೂ ಅಲ್ಲ. ಸನ್ಮಾನದ ಪುಸ್ತಕದಾಗ ಸಂಸದರು ತಾವು ಅಂತ ಹಾಕ್ಸ್ಯಾರ, ಅದು ಸುಳ್ಳು. ಅವರು ನನ್ನ ಕುರ್ಚಿ ಮ್ಯಾಲೆ ಕುಂತಿದ್ರು, ಅದು ಖರೆ. ಪಟ ಐತಿ ನೋಡ್ರಿ, ಅದನ್ನೂ ಇಟ್ಕೊಳ್ರಿ.” ಸನ್ಮಾನದ ಪುಸ್ತಕವನ್ನು ಮೇಜಿನ ಮೇಲಿಟ್ಟಳು. “ಸಹಿ ನಂದ. ನಾ ಸಹಿ ಮಾಡಿದಾಗ ಹಾಳಿ ಖಾಲಿ ಇತ್ತು. ನನಗ ಓದಾಕ ಬರತೈತಿ. ಖಾಲಿ ಐತಿ ಅಂತ ಗೊತ್ತಿದ್ದ ಮಾಡೀನಿ. ಅಕ್ಷರ ನೋಡ್ರಿ, ಸಹಿ ಮೊದಲ ಇತ್ತು, ಬರದದ್ದು ಆಮ್ಯಾಲೆ. ಅದಕ್ಕ ಜಾಗ ಸಾಲದ ಹಿಂಗ ತುರುಕ್ಯಾರ.”

ಅಧಿಕಾರಿಯ ಪೆನ್ನು ನಿಂತಿತು. ಅವನು ನಡಾವಳಿ ಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡು ಬಗ್ಗಿ ನೋಡಿದ. “ತಾಯಿ, ಇದನ್ನ ಬರಸಿದ್ರ ನಿಮಗೂ ತೊಂದ್ರಿ ಐತಿ. ತಿಳದು ಹೇಳಾಕತ್ತೀರೇನು?”

“ಇಷ್ಟು ದಿನ ತಿಳೀಲಾರದಾಕಿ ಆಗಿ ಏನ್ ಉಳೀತ್ರಿ? ಇನ್ನೊಂದೈತಿ, ಬರೀರಿ.” ಅವಳು ಜಂಬವ್ವನ ಕಡೆ ತಿರುಗಲು ನೋಡಿದಳು, ಕತ್ತು ತಿರುಗಲಿಲ್ಲ. ಗೋಡೆಗೆ ಹೇಳಿದಳು. “ಈ ಸಹಿಗೆ ಹನ್ನೊಂದು ದಿನ ಮೊದಲ ಕೆಂಚಣ್ಣ ತಮ್ಮವ್ವನ ಎಲುಬು ಅಲ್ಲಿಂದ ತಗಸಿ ತ್ವಾಟಕ್ಕ ಒಯ್ದ. ಲಾರಿ ಸಪ್ಪಳ ಅಂದ. ಲಾರಿ ಆವಾಗ ಇರ್ಲಿಲ್ಲ. ನಾ ಕೇಳಿದ್ದೆ. ಕೇಳಿನೂ ಯಾರಿಗೂ ಹೇಳಲಿಲ್ಲ. ಪಕ್ಕದ ಮನಿಯಾಕಿಗೂ ಹೇಳಲಿಲ್ಲ. ಹೇಳಿದ್ರ ಆಕಿನೂ ತನ್ನ ಕೂಸಿನ ಎಲುಬು ತಗೊಂತಿದ್ಳು.”

ಅಂಜಲಿ ತಾಯಿಯ ಹೆಗಲ ಮೇಲೆ ಕೈ ಇಡಲು ಹೋದಳು, ಜಂಬವ್ವ ಕೊಡವಿಕೊಂಡಳು. ಗುಮಾಸ್ತ ಬರೆಯುತ್ತಲೇ ಇದ್ದ. ಮುಗಿಸಿ, ಹಾಳೆಯನ್ನು ಅವಳ ಕಡೆ ಸರಿಸಿ, ಪೆನ್ನು ಕೊಟ್ಟು, ತಳದ ಅಂಚನ್ನು ಬೆರಳಿನಿಂದ ತಟ್ಟಿ ತೋರಿಸಿದ. “ಇಲ್ಲಿ ಕೆಳಗ ಒಂದ್ ಸಹಿ ಮಾಡ್ರಿ.”

ಅವಳು ಮೊದಲಿನಿಂದ ಓದಿದಳು. ನಿಧಾನವಾಗಿ, ಬೆರಳಿಟ್ಟು, ಒಂದೊಂದೇ ಸಾಲು. ಅಧಿಕಾರಿ ಗಡಿಯಾರ ನೋಡಿದ, ಓದಲಿ ಎಂದು ಸುಮ್ಮನಾದ. ‘ಕೆಲವರು’ ಎಂದು ಬರೆದಿದ್ದ ಒಂದು ಕಡೆ ಅಳಿಸಿ ‘ಕೆಂಚಣ್ಣ’ ಎಂದು ಬರೆಸಿದಳು. ಬರೆದದ್ದು ಹಾಳೆಯ ಅರ್ಧಕ್ಕೆ ಮುಗಿದಿತ್ತು. ಅಲ್ಲಿಂದ ಗುಮಾಸ್ತನ ಬೆರಳಿನವರೆಗೆ ಅಂಗೈಯಗಲ ಖಾಲಿ, ಬೆಳ್ಳಗೆ, ಎಷ್ಟು ಬೇಕಾದರೂ ಹಿಡಿಸುವಷ್ಟು.

ಅವಳು ಕೊನೆಯ ಸಾಲಿಗೆ ಅಂಟಿದ ಹಾಗೆ ಸಹಿ ಮಾಡಿದಳು. ಬಾಲ ಬರೆಯಲಿಲ್ಲ. ಆಮೇಲೆ ಪೆನ್ನನ್ನು ಖಾಲಿ ಜಾಗದ ಎಡ ಮೂಲೆಯಲ್ಲಿಟ್ಟು ಬಲ ತುದಿಯವರೆಗೆ ಅಡ್ಡಗೆರೆ ಎಳೆದಳು. ಒತ್ತಿ ಎಳೆದ ರಭಸಕ್ಕೆ ಕಾಗದ ಒಂದು ಕಡೆ ಹರಿಯಿತು.

“ಏನ್ರಿ ಇದು?” ಎಂದ ಗುಮಾಸ್ತ.

ಅವಳು ಉತ್ತರ ಕೊಡುವ ಮೊದಲೇ ಹಿಂದಿನಿಂದ ದನಿ ಬಂತು. ಹದಿನೈದು ವರ್ಷ ಕೇಳದ ದನಿ, ಗೊಗ್ಗರು, ಸಿಟ್ಟು ಒಂದಿಷ್ಟೂ ಇಳಿಯದ ದನಿ.

“ಉಚ್ಚಂಗಿ,” ಎಂದಳು ಹೆಬ್ಬೆಟ್ಟಿನ ಜಂಬವ್ವ. “ಹಾಳಿ ತಿರುವು. ಹಿಂದ್ಲ ಮಗ್ಗಲನೂ ಖಾಲಿ ಐತಿ.”

ಉಚ್ಚಂಗೆಮ್ಮ ಹಾಳೆ ತಿರುವಿದಳು.